ಕಾರ್ನಿಯಾದ ಆಕಾರ ಮತ್ತು ದಪ್ಪವನ್ನು ಅಳೆಯುವ ಉಪಕರಣಗಳು: ನೇತ್ರ ಪರೀಕ್ಷಾ ವರದಿ ಲಗತ್ತಿಸುವ ಅರ್ಜಿದಾರರ ತಿಳುವಳಿಕೆಗಾಗಿ

ಪೀಠಿಕೆ

ಕಲಬುರಗಿ ನಗರದ ಸ್ಟೇಶನ್ ಬಜಾರ ಹಾಗೂ ಸುತ್ತಲಿನ ಬಡಾವಣೆಗಳಿಂದ ಮತ್ತು ಕಮಲಾಪುರ ತಾಲ್ಲೂಕಿನ ಗ್ರಾಮಗಳಿಂದ ವಿವಿಧ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಕಣ್ಣಿನ ಪರೀಕ್ಷೆಯ ವರದಿಗಳನ್ನು ಅರ್ಜಿಯೊಂದಿಗೆ ಲಗತ್ತಿಸುವುದುಂಟು. ವಿಕಲಚೇತನರ ಪ್ರಮಾಣಪತ್ರ, ಚಿಕಿತ್ಸೆಗಾಗಿ ನೆರವು, ಸೇನಾ ನೇಮಕಾತಿಯ ವೈದ್ಯಕೀಯ ಪರೀಕ್ಷೆ ಮುಂತಾದ ಸಂದರ್ಭಗಳಲ್ಲಿ ಇಂತಹ ವರದಿಗಳು ಅವಶ್ಯಕವಾಗುತ್ತವೆ. ಕೆಲವು ವರದಿಗಳಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳ ವೃತ್ತಾಕಾರದ ನಕ್ಷೆ ಇರುತ್ತದೆ. ಮತ್ತೆ ಕೆಲವು ವರದಿಗಳಲ್ಲಿ "507" ಅಥವಾ "44.25" ಎಂಬಂತಹ ಅಂಕಿ ಮಾತ್ರ ಇರುತ್ತದೆ. ಈ ಅಂಕಿಯು ಯಾವ ಉಪಕರಣದಿಂದ, ಯಾವ ದಿನದಂದು ದೊರೆತದ್ದು ಎಂಬುದನ್ನು ನಮೂದಿಸದ ಚೀಟಿಯಿಂದ ಅರ್ಜಿದಾರರಿಗಾಗಲಿ, ಅದನ್ನು ಪರಿಶೀಲಿಸುವ ವೈದ್ಯರಿಗಾಗಲಿ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ಕಣ್ಣಿಗೆ ಎರಡು ಉಪಕರಣಗಳು ಎರಡು ಬೇರೆ ಅಂಕಿಗಳನ್ನು ಕೊಡಬಹುದು ಮತ್ತು ಎರಡೂ ತಮ್ಮ ತಮ್ಮ ವಿಧಾನದಲ್ಲಿ ಸರಿಯಾಗಿಯೇ ಇರಬಹುದು. ಈ ಹಿನ್ನೆಲೆಯಲ್ಲಿ, ಸದರಿ ಉಪಕರಣಗಳ ಕಾರ್ಯವಿಧಾನವನ್ನು ಸಾಧ್ಯವಾದಷ್ಟು ಸರಳವಾಗಿ ಇಲ್ಲಿ ವಿವರಿಸಲಾಗಿದೆ. ಇದು ವೈದ್ಯಕೀಯ ಸಲಹೆಯಲ್ಲ. ರೋಗನಿರ್ಣಯ ಮತ್ತು ಚಿಕಿತ್ಸೆಯು ನೇತ್ರತಜ್ಞರ ವ್ಯಾಪ್ತಿಗೆ ಸೇರಿದ ವಿಷಯವಾಗಿರುತ್ತದೆ.

ಕಾರ್ನಿಯಾ ಎಂದರೇನು

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಉಬ್ಬಿಕೊಂಡಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ವಯಸ್ಕರಲ್ಲಿ ಇದರ ಅಡ್ಡಳತೆ ಸುಮಾರು 11.5ರಿಂದ 12 ಮಿಲಿಮೀಟರ್. ಮಧ್ಯಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 540 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಒಂದು ಮೈಕ್ರಾನ್ ಎನ್ನುತ್ತಾರೆ. ಕಚೇರಿಗಳಲ್ಲಿ ಬಳಸುವ ಸಾಧಾರಣ ಬಿಳಿ ಹಾಳೆ ಸುಮಾರು 100 ಮೈಕ್ರಾನ್ ದಪ್ಪವಿರುವುದರಿಂದ, ಐದು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಕಾರ್ನಿಯಾದ ಮಧ್ಯಭಾಗದ ದಪ್ಪದ ಅಂದಾಜು ಸಿಗುತ್ತದೆ. ಅಂಚಿನ ಕಡೆಗೆ ಹೋದಂತೆ ಅದು ದಪ್ಪವಾಗುತ್ತದೆ.

ಭಾರತೀಯರಲ್ಲಿ ಈ ಅಳತೆ ತುಸು ಕಡಿಮೆಯಿರುವುದು ಕಂಡುಬಂದಿದೆ. ನಾಗಪುರದ ಸಮೀಪದ ಗ್ರಾಮಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಮಧ್ಯಭಾರತ ನೇತ್ರ ಮತ್ತು ವೈದ್ಯಕೀಯ ಅಧ್ಯಯನದಲ್ಲಿ ಸರಾಸರಿ ದಪ್ಪ 514 ಮೈಕ್ರಾನ್ ಎಂದು ದಾಖಲಾಗಿದೆ. ಆದ್ದರಿಂದ ವಿದೇಶೀ ಪುಸ್ತಕದ ಅಂಕಿಯೊಂದಿಗೆ ತಮ್ಮ ಅಂಕಿಯನ್ನು ಹೋಲಿಸಿಕೊಂಡು ಗಾಬರಿಗೊಳ್ಳುವ ಅಗತ್ಯವಿಲ್ಲ.

ಕಣ್ಣಿನೊಳಗೆ ಬರುವ ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುವ ಕೆಲಸದ ಸುಮಾರು ಮೂರನೆಯ ಎರಡು ಪಾಲನ್ನು ಕಾರ್ನಿಯಾ ಒಂದೇ ನಿರ್ವಹಿಸುತ್ತದೆ. ಅದರ ಉಬ್ಬಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ದೃಷ್ಟಿ ಮಸುಕಾಗುತ್ತದೆ. ಇಷ್ಟು ಸೂಕ್ಷ್ಮವಾದ ವಸ್ತುವನ್ನು ಜೀವಂತ ಕಣ್ಣಿನಲ್ಲಿ ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಬೆಳಕಿನ ಮೂಲಕ.

ಉಂಗುರಗಳ ಪ್ರತಿಬಿಂಬ

ಕಾರ್ನಿಯಾದ ಮೇಲೆ ಸದಾ ಕಣ್ಣೀರಿನ ತೆಳುವಾದ ಲೇಪವಿರುವುದರಿಂದ ಅದು ಉಬ್ಬುಗನ್ನಡಿಯಂತೆ ವರ್ತಿಸುತ್ತದೆ. ಪೋರ್ಚುಗಲ್ ದೇಶದ ನೇತ್ರವೈದ್ಯ ಆಂಟೋನಿಯೋ ಪ್ಲಾಸಿಡೋ ಅವರು 1880ರಲ್ಲಿ ಇದನ್ನೇ ಉಪಯೋಗಿಸಿಕೊಂಡು, ಕಪ್ಪು ಬಿಳುಪು ಉಂಗುರಗಳನ್ನು ಬರೆದ ಒಂದು ತಟ್ಟೆಯನ್ನು ರೂಪಿಸಿದರು. ತಟ್ಟೆಯ ನಡುವಿನ ರಂಧ್ರದಿಂದ ವೈದ್ಯರು ರೋಗಿಯ ಕಣ್ಣನ್ನು ನೋಡಿದಾಗ ಕಾರ್ನಿಯಾದ ಮೇಲೆ ಉಂಗುರಗಳ ಪ್ರತಿಬಿಂಬ ಕಾಣಿಸುತ್ತದೆ. ಉಂಗುರಗಳು ದುಂಡಗೆ, ಸಮ ಅಂತರದಲ್ಲಿದ್ದರೆ ಮೇಲ್ಮೈ ಸಮವಾಗಿದೆ ಎಂದರ್ಥ. ಮೊಟ್ಟೆಯಾಕಾರವಾಗಿದ್ದರೆ ಅಸ್ಟಿಗ್ಮ್ಯಾಟಿಸಂ ಇದೆ. ಒಂದು ಕಡೆ ಉಂಗುರಗಳು ಒತ್ತಾಗಿದ್ದರೆ ಆ ಭಾಗ ಹೆಚ್ಚು ಉಬ್ಬಿದೆ. ವಿದ್ಯುತ್ತೂ ಬೇಡದ, ಕೈಯಲ್ಲಿ ಹಿಡಿಯುವ ಈ ತಟ್ಟೆಯಿಂದ ಅಂಕಿ ದೊರೆಯುವುದಿಲ್ಲವಾದರೂ, ಅನುಭವಿ ವೈದ್ಯರಿಗೆ ಅನುಮಾನ ಹುಟ್ಟಿಸಲು ಅದು ಸಾಕು.

ಅಂಕಿ ಕೊಡುವ ಉಪಕರಣ ಕೆರಟೋಮೀಟರ್. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರು 1850ರ ದಶಕದಲ್ಲಿ ಇದರ ಮೂಲರೂಪವನ್ನು ಪ್ರಯೋಗಾಲಯಕ್ಕಾಗಿ ಸಿದ್ಧಪಡಿಸಿದರು. ಪ್ಯಾರಿಸ್ಸಿನಲ್ಲಿ ಜವಾಲ್ ಮತ್ತು ಶಿಯೋಟ್ಸ್ ಅವರು 1880ರ ದಶಕದ ಆರಂಭದಲ್ಲಿ ಅದನ್ನು ಚಿಕಿತ್ಸಾಲಯದಲ್ಲಿ ಬಳಸಬಹುದಾದ ಯಂತ್ರವನ್ನಾಗಿ ಮಾರ್ಪಡಿಸಿದರು. ಈ ಯಂತ್ರದಲ್ಲಿ ಎರಡು ಬೆಳಕಿನ ಗುರುತುಗಳ ಪ್ರತಿಬಿಂಬಗಳನ್ನು ಒಂದಕ್ಕೊಂದು ತಾಗಿಸಿ ಕಾರ್ನಿಯಾದ ವಕ್ರತೆಯ ತ್ರಿಜ್ಯವನ್ನು ಓದಲಾಗುತ್ತದೆ. ಒಂದು ಗುರುತು ಮೆಟ್ಟಿಲಿನ ಆಕಾರದಲ್ಲಿದ್ದು, ಇನ್ನೊಂದು ಗುರುತು ಅದರ ಎಷ್ಟು ಮೆಟ್ಟಿಲುಗಳ ಮೇಲೆ ಏರಿದೆಯೋ ಅಷ್ಟು ಡಯಾಪ್ಟರ್ ಅಸ್ಟಿಗ್ಮ್ಯಾಟಿಸಂ ಎಂದು ಎಣಿಸುವ ಜಾಣ ವ್ಯವಸ್ಥೆ ಅದರಲ್ಲಿತ್ತು.

ಇಂದು ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಸುತ್ತಲಿನ ಬಜಾರಗಳ ಚಷ್ಮಾ ಅಂಗಡಿಗಳಲ್ಲಿಯೂ ಗದ್ದವನ್ನು ಇಟ್ಟು ನೋಡುವ ಗಣಕೀಕೃತ ಯಂತ್ರಗಳು ಇರುತ್ತವೆ. ಅವು ಚಷ್ಮಾದ ನಂಬರಿನ ಜೊತೆಗೆ ಕೆಲವೊಮ್ಮೆ "ಕೆ1", "ಕೆ2" ಎಂಬ ಸಾಲುಗಳನ್ನೂ ಮುದ್ರಿಸುತ್ತವೆ. ಇವೇ ಕೆರಟೋಮೀಟರಿನ ಅಂಕಿಗಳು. ಲೆಕ್ಕ ಸರಳವಾಗಿದೆ: 337.5 ಅನ್ನು ಮಿಲಿಮೀಟರ್ ಲೆಕ್ಕದ ತ್ರಿಜ್ಯದಿಂದ ಭಾಗಿಸಿದರೆ ಡಯಾಪ್ಟರ್ ದೊರೆಯುತ್ತದೆ. ತ್ರಿಜ್ಯ 7.80 ಇದ್ದರೆ 43.27 ಡಯಾಪ್ಟರ್. ತ್ರಿಜ್ಯ 7.03ಕ್ಕೆ ಇಳಿದರೆ 48 ಡಯಾಪ್ಟರ್. ತ್ರಿಜ್ಯ ಕಡಿಮೆಯಾದಷ್ಟೂ ಉಬ್ಬು ಹೆಚ್ಚು ಎಂಬುದನ್ನು ಗಮನಿಸಬೇಕು.

ಆದರೆ ಇಲ್ಲೊಂದು ಮುಖ್ಯವಾದ ಮಿತಿಯಿದೆ. ಕೆರಟೋಮೀಟರ್ ನೋಡುವುದು ಕಾರ್ನಿಯಾದ ಮಧ್ಯದ ಸುಮಾರು 3 ಮಿಲಿಮೀಟರ್ ಅಡ್ಡಳತೆಯ ಕೆಲವು ಬಿಂದುಗಳನ್ನು ಮಾತ್ರ. ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಇಡೀ ಸರ್ವೆ ನಂಬರಿನ ಏರುಪೇರನ್ನು ಹೇಳಿದಂತಾಗುತ್ತದೆ ಇದು. ಆದ್ದರಿಂದ ಚಷ್ಮಾ ಅಂಗಡಿಯ ಚೀಟಿಯನ್ನು ಕಾರ್ನಿಯಾದ ನಕ್ಷೆಯ ಬದಲಿಗೆ ಲಗತ್ತಿಸಲು ಬರುವುದಿಲ್ಲ.

ಬಣ್ಣದ ನಕ್ಷೆ

ಪ್ಲಾಸಿಡೋ ಉಂಗುರಗಳ ಪ್ರತಿಬಿಂಬವನ್ನು ಕ್ಯಾಮೆರಾದಿಂದ ಸೆರೆಹಿಡಿದು, ಸಾವಿರಾರು ಬಿಂದುಗಳಲ್ಲಿ ವಕ್ರತೆಯನ್ನು ಗಣಕಯಂತ್ರದಿಂದ ಲೆಕ್ಕ ಹಾಕುವ ಪದ್ಧತಿಯು 1980ರ ದಶಕದಲ್ಲಿ ಬಳಕೆಗೆ ಬಂದಿತು. ಇದಕ್ಕೆ ಕಾರ್ನಿಯಲ್ ಟೋಪೋಗ್ರಫಿ ಎಂದು ಹೆಸರು. ಭೂಪಟದಲ್ಲಿ ಬೆಟ್ಟ ತಗ್ಗುಗಳನ್ನು ಬಣ್ಣಗಳಿಂದ ತೋರಿಸುವಂತೆ ಇಲ್ಲಿ ಹೆಚ್ಚು ಉಬ್ಬಿದ ಭಾಗಕ್ಕೆ ಕೆಂಪು, ಮಧ್ಯಮಕ್ಕೆ ಹಸಿರು, ಚಪ್ಪಟೆ ಭಾಗಕ್ಕೆ ನೀಲಿ ಬಣ್ಣ ಕೊಡಲಾಗುತ್ತದೆ.

ಬಣ್ಣ ನೋಡಿ ತೀರ್ಮಾನಕ್ಕೆ ಬರಬಾರದು. ನಕ್ಷೆಯ ಪಕ್ಕದಲ್ಲಿರುವ ಅಳತೆಪಟ್ಟಿಯಲ್ಲಿ ಒಂದು ಬಣ್ಣದಿಂದ ಮುಂದಿನ ಬಣ್ಣಕ್ಕೆ ಕಾಲು ಡಯಾಪ್ಟರ್ ಅಂತರವಿರಬಹುದು, ಒಂದೂವರೆ ಡಯಾಪ್ಟರ್ ಅಂತರವೂ ಇರಬಹುದು. ಅಂತರ ಚಿಕ್ಕದಾಗಿದ್ದರೆ ಆರೋಗ್ಯವಂತ ಕಣ್ಣೂ ಕೆಂಡದಂತೆ ಕಾಣುತ್ತದೆ. ಅಂತರ ದೊಡ್ಡದಾಗಿದ್ದರೆ ದೋಷವಿರುವ ಕಣ್ಣೂ ಹಸಿರಾಗಿ ಶಾಂತವಾಗಿರುತ್ತದೆ. ಎರಡು ವರದಿಗಳನ್ನು ಹೋಲಿಸುವಾಗ ಮೊದಲು ಅಳತೆಪಟ್ಟಿ ಒಂದೇ ಇದೆಯೇ ಎಂದು ನೋಡುವುದು ಅವಶ್ಯ. ನಕ್ಷೆಯ ಕಪ್ಪು ಬಿಳುಪು ನಕಲನ್ನು ಲಗತ್ತಿಸಿದಲ್ಲಿ ಕೆಂಪು ಯಾವುದು, ನೀಲಿ ಯಾವುದು ಎಂಬುದೇ ತಿಳಿಯದಾಗುತ್ತದೆ. ಆದಕಾರಣ ಬಣ್ಣದ ಪ್ರತಿಯನ್ನೇ ಲಗತ್ತಿಸುವುದು ಸೂಕ್ತ.

ಉಂಗುರದ ವಿಧಾನವು ಕಾರ್ನಿಯಾದ ಮುಂಭಾಗವನ್ನು ಮಾತ್ರ ಅಳೆಯಬಲ್ಲದು. ಕನ್ನಡಿಯ ಹಿಂದೆ ಏನಿದೆ ಎಂಬುದು ಕನ್ನಡಿಯ ಪ್ರತಿಬಿಂಬದಲ್ಲಿ ಕಾಣುವುದಿಲ್ಲವಷ್ಟೆ. ಹಿಂಭಾಗವನ್ನೂ ದಪ್ಪವನ್ನೂ ಅಳೆಯಲು ಕಾರ್ನಿಯಾವನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಉಪಕರಣ ಬೇಕಾಯಿತು.

ಇದಕ್ಕೆ ನೆರವಾದ ತತ್ತ್ವ ವೈದ್ಯಕೀಯ ಕ್ಷೇತ್ರದ್ದಲ್ಲ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಫ್ಲುಗ್ ಅವರು ಆಕಾಶದಿಂದ ತೆಗೆದ ಓರೆಯಾದ ಭೂಚಿತ್ರಗಳನ್ನು ಸರಿಪಡಿಸುವ ಸಲುವಾಗಿ 1904ರಲ್ಲಿ ಒಂದು ವಿಧಾನವನ್ನು ವಿವರಿಸಿದರು. ವಸ್ತುವಿನ ಸಮತಲ, ಲೆನ್ಸಿನ ಸಮತಲ ಮತ್ತು ಫಿಲ್ಮಿನ ಸಮತಲ ಈ ಮೂರೂ ಒಂದೇ ರೇಖೆಯಲ್ಲಿ ಸಂಧಿಸಿದರೆ ಓರೆಯಾದ ವಸ್ತುವಿನ ಈ ತುದಿಯಿಂದ ಆ ತುದಿಯವರೆಗೂ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ. ಕಣ್ಣಿನ ಮೇಲೆ ನೀಲಿ ಬೆಳಕಿನ ತೆಳುವಾದ ಸೀಳನ್ನು ಹಾಯಿಸಿ, ಓರೆಯಲ್ಲಿಟ್ಟ ಕ್ಯಾಮೆರಾವನ್ನು ವೃತ್ತಾಕಾರವಾಗಿ ತಿರುಗಿಸುತ್ತ ಚಿತ್ರ ತೆಗೆಯುವ ಪೆಂಟಾಕ್ಯಾಮ್ ಎಂಬ ಜರ್ಮನ್ ಉಪಕರಣವು 2002ರಿಂದ ಬಳಕೆಯಲ್ಲಿದ್ದು, ಇದೇ ತತ್ತ್ವವನ್ನು ಆಧರಿಸಿದೆ. ಸುಮಾರು 2 ಸೆಕೆಂಡಿನಲ್ಲಿ ಪರೀಕ್ಷೆ ಮುಗಿಯುತ್ತದೆ. ಕಣ್ಣಿಗೆ ಏನೂ ತಾಗುವುದಿಲ್ಲ. ಮುಂಭಾಗ, ಹಿಂಭಾಗ ಹಾಗೂ ಪ್ರತಿ ಬಿಂದುವಿನ ದಪ್ಪ ಎಲ್ಲವೂ ಒಂದೇ ಹಾಳೆಯಲ್ಲಿ ಮುದ್ರಿತವಾಗುತ್ತವೆ. ಇದಕ್ಕೂ ಮೊದಲು, 1990ರ ದಶಕದ ಮಧ್ಯದಲ್ಲಿ, ಬೆಳಕಿನ ಸೀಳನ್ನು ಅಡ್ಡಲಾಗಿ ಸರಿಸುತ್ತ ಅಳೆಯುವ ಆರ್ಬ್‌ಸ್ಕ್ಯಾನ್ ಎಂಬ ಯಂತ್ರ ಬಂದಿತ್ತು. ಹಳೆಯ ವರದಿಗಳಲ್ಲಿ ಅದರ ಹೆಸರು ಕಾಣಬಹುದು.

ದಪ್ಪವನ್ನು ಅಳೆಯುವ ಪ್ಯಾಕಿಮೀಟರ್

ದಪ್ಪವನ್ನು ಅಳೆಯುವ ಯಾವುದೇ ಉಪಕರಣಕ್ಕೆ ಪ್ಯಾಕಿಮೀಟರ್ ಎಂದು ಹೆಸರು. ಹಳೆಯದು ಸ್ಲಿಟ್ ಲ್ಯಾಂಪ್ ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಗಾಜಿನ ಪ್ಯಾಕಿಮೀಟರ್. ಅದರಲ್ಲಿ ಒಂದರ ಮೇಲೊಂದು ಎರಡು ಗಾಜಿನ ಫಲಕಗಳಿದ್ದು, ಒಂದನ್ನು ತಿರುಗಿಸಿದಾಗ ಕಾರ್ನಿಯಾದ ಚಿತ್ರದ ಅರ್ಧ ಭಾಗ ಪಕ್ಕಕ್ಕೆ ಸರಿಯುತ್ತದೆ. ಒಂದು ಅರ್ಧದ ಮುಂಗೆರೆಯು ಇನ್ನೊಂದು ಅರ್ಧದ ಹಿಂಗೆರೆಗೆ ಸೇರುವವರೆಗೆ ತಿರುಗಿಸಿ, ತಿರುಗಿದ ಪ್ರಮಾಣದಿಂದ ದಪ್ಪವನ್ನು ಓದಬೇಕು. ನೋಡುವವರ ಕಣ್ಣು ಮತ್ತು ಕೈ ಬದಲಾದರೆ ಅಂಕಿಯೂ ತುಸು ಬದಲಾಗುವುದು ಸಹಜ.

1980ರ ದಶಕದಿಂದ ಪ್ರಚಲಿತವಾದ ಅಲ್ಟ್ರಾಸೌಂಡ್ ಪ್ಯಾಕಿಮೀಟರ್ ಬೆಳಕಿನ ಉಪಕರಣವಲ್ಲ, ಶಬ್ದತರಂಗದ ಉಪಕರಣ. ಆದರೂ ಉಳಿದವುಗಳನ್ನು ಹೆಚ್ಚಾಗಿ ಇದರೊಂದಿಗೇ ಹೋಲಿಸುವುದರಿಂದ ಇಲ್ಲಿ ಹೇಳಬೇಕಾಗಿದೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಪೆನ್ನಿನಂತಹ ಶೋಧಕವನ್ನು ಕಾರ್ನಿಯಾಕ್ಕೆ ಮೃದುವಾಗಿ ತಾಗಿಸುತ್ತಾರೆ. ಕಾರ್ನಿಯಾದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,640 ಮೀಟರ್ ಎಂದು ಇಟ್ಟುಕೊಂಡು, ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ದಪ್ಪವನ್ನು ಲೆಕ್ಕ ಹಾಕಲಾಗುತ್ತದೆ. 540 ಮೈಕ್ರಾನಿಗೆ ಹೋಗಿ ಬರುವ ಕಾಲ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನ ಮೂರನೆಯ ಎರಡು ಭಾಗದಷ್ಟು ಮಾತ್ರ. ಶೋಧಕವು ಮಧ್ಯದಿಂದ ಆಚೆ ಸರಿದರೆ ಅಂಕಿ ಹೆಚ್ಚಾಗಿ ಬರುತ್ತದೆ, ಏಕೆಂದರೆ ಅಂಚಿನ ಕಡೆ ಕಾರ್ನಿಯಾ ದಪ್ಪವಿದೆ.

ಮೂರನೆಯದು ಓ.ಸಿ.ಟಿ. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕಳುಹಿಸಿ, ಪದರಗಳಿಂದ ಮರಳಿದ ಬೆಳಕನ್ನು ಮೂಲ ಬೆಳಕಿನೊಂದಿಗೆ ತಾಳೆ ನೋಡಲಾಗುತ್ತದೆ. ಕಾರ್ನಿಯಾದ ಒಳಪದರಗಳನ್ನು, ಸುಮಾರು 50 ಮೈಕ್ರಾನಿನ ಮೇಲ್ಪದರವನ್ನೂ ಸಹ, ಪ್ರತ್ಯೇಕವಾಗಿ ತೋರಿಸುವುದು ಇದರ ಹೆಚ್ಚುಗಾರಿಕೆ. ಕಾರ್ನಿಯಾದಲ್ಲಿ ಬಿಳಿ ಕಲೆಯಿರುವವರಲ್ಲಿಯೂ ಇದು ಸಾಕಷ್ಟು ಉಪಯುಕ್ತ.

ಒಂದೇ ಕಣ್ಣು, ಬೇರೆ ಬೇರೆ ಅಂಕಿ

ಆರ್ಬ್‌ಸ್ಕ್ಯಾನ್ ಅಳತೆಯು ಅಲ್ಟ್ರಾಸೌಂಡ್ ಅಳತೆಗಿಂತ ಹೆಚ್ಚಾಗಿ ಬರುತ್ತಿದ್ದುದರಿಂದ ಅದರ ತಯಾರಕರೇ 0.92ರಿಂದ ಗುಣಿಸುವ ಏರ್ಪಾಡು ಮಾಡಿದ್ದರು. ಅಂದರೆ ಗುಣಿಸದೆ ಓದಿದರೆ 550 ಇರುವ ಅಂಕಿ ಗುಣಿಸಿದ ಮೇಲೆ 506 ಆಗುತ್ತದೆ. ಕಣ್ಣು ಅದೇ, ದಿನ ಅದೇ, 44 ಮೈಕ್ರಾನ್ ವ್ಯತ್ಯಾಸ. ಹೊಸ ಉಪಕರಣಗಳ ನಡುವೆ ಇಷ್ಟು ಅಂತರವಿಲ್ಲದಿದ್ದರೂ ಅಂತರ ಇದ್ದೇ ಇದೆ. ಲೆಕ್ಕಪತ್ರಗಳಲ್ಲಿ ರೂಪಾಯಿಯೋ ಸಾವಿರ ರೂಪಾಯಿಯೋ ಎಂದು ಶಿರೋನಾಮೆಯಲ್ಲಿ ಬರೆಯದ ತಖ್ತೆಯನ್ನು ಯಾರೂ ಅಂಗೀಕರಿಸುವುದಿಲ್ಲ. ಉಪಕರಣದ ಹೆಸರಿಲ್ಲದ ಕಾರ್ನಿಯಾ ವರದಿಯೂ ಅಂತಹುದೇ.

ಉಪಕರಣದ ಹೊರತಾಗಿ ಅಂಕಿಯನ್ನು ಬದಲಿಸುವ ಇತರ ಕಾರಣಗಳೂ ಇವೆ. ರಾತ್ರಿ ಕಣ್ಣು ಮುಚ್ಚಿರುವಾಗ ಕಾರ್ನಿಯಾ ತುಸು ಊದಿಕೊಳ್ಳುವುದರಿಂದ, ಎದ್ದ ಕೂಡಲೇ ದಪ್ಪ ಶೇಕಡಾ 3-4ರಷ್ಟು ಹೆಚ್ಚಿದ್ದು, ಒಂದೆರಡು ಗಂಟೆಗಳಲ್ಲಿ ಮೊದಲಿನಂತಾಗುತ್ತದೆ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ನೇರವಾಗಿ ಆಸ್ಪತ್ರೆಗೆ ತೆರಳುವವರು ಸ್ವಲ್ಪ ಹೊತ್ತು ಕಳೆದ ಮೇಲೆ ಪರೀಕ್ಷೆಗೆ ಕುಳಿತುಕೊಳ್ಳುವುದು ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಾರ್ನಿಯಾದ ಆಕಾರ ಲೆನ್ಸಿನ ಒತ್ತಡದಿಂದ ಬದಲಾಗಿರುತ್ತದೆ. ಮೃದು ಲೆನ್ಸನ್ನು ಸಾಮಾನ್ಯವಾಗಿ 1ರಿಂದ 2 ವಾರ, ಗಟ್ಟಿ ಲೆನ್ಸನ್ನು ಅದಕ್ಕೂ ಹೆಚ್ಚು ಕಾಲ ಬಿಟ್ಟು ಪರೀಕ್ಷೆ ಮಾಡಿಸಲು ವೈದ್ಯರು ಸೂಚಿಸುತ್ತಾರೆ. ಉಂಗುರದ ವಿಧಾನಕ್ಕೆ ಕಣ್ಣೀರಿನ ಲೇಪ ಸಮವಾಗಿರಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಬಿಸಿಲಿನಲ್ಲಿ ಓಡಾಡಿ ಬಂದು ಒಣಗಿದ ಕಣ್ಣಿನಿಂದ ಪರೀಕ್ಷೆಗೆ ಕುಳಿತರೆ ನಕ್ಷೆ ಅಂಕುಡೊಂಕಾಗಬಹುದು. ತಂತ್ರಜ್ಞರು ಕಣ್ಣು ಮಿಟುಕಿಸಲು ಹೇಳಿದಾಗ ಮಿಟುಕಿಸಿ, ನಂತರ ಅಗಲವಾಗಿ ತೆರೆದು ಗುರುತನ್ನೇ ನೋಡುತ್ತಿರಬೇಕು.

ಕೆರಟೋಕೋನಸ್: ಕಾಲವೇ ಮುಖ್ಯವಾಗಿರುವ ರೋಗ

ಈ ಉಪಕರಣಗಳ ಅವಶ್ಯಕತೆ ಅತ್ಯಂತ ಹೆಚ್ಚಾಗಿರುವುದು ಕೆರಟೋಕೋನಸ್ ಎಂಬ ರೋಗದಲ್ಲಿ. ಇದರಲ್ಲಿ ಕಾರ್ನಿಯಾ ಕ್ರಮೇಣ ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಆರಂಭವಾಗುತ್ತದೆ. ಅಲರ್ಜಿಯಿಂದ ಕಣ್ಣು ತುರಿಸಿ, ಅದನ್ನು ಪದೇ ಪದೇ ಬಲವಾಗಿ ಉಜ್ಜಿಕೊಳ್ಳುವ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು. ಬಿಸಿ ಮತ್ತು ಒಣ ಹವೆಯ ಪ್ರದೇಶಗಳಲ್ಲಿ ಅಂತಹ ಅಲರ್ಜಿ ಸಾಮಾನ್ಯವಾದುದು. ಮೇಲೆ ಹೇಳಿದ ಮಧ್ಯಭಾರತ ಅಧ್ಯಯನದಲ್ಲಿ, 30 ವರ್ಷ ಮೇಲ್ಪಟ್ಟ ಗ್ರಾಮಸ್ಥರಲ್ಲಿ ಶೇಕಡಾ 2.3ರಷ್ಟು ಜನರಿಗೆ ಕೆರಟೋಮೀಟರ್ ಅಂಕಿ 48 ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚಿದ್ದು, ಅದನ್ನೇ ಕೆರಟೋಕೋನಸ್ಸಿನ ಗುರುತಾಗಿ ಪರಿಗಣಿಸಲಾಗಿತ್ತು.

ಮಗುವಿನ ಚಷ್ಮಾದ ನಂಬರು, ಅದರಲ್ಲೂ ಸಿಲಿಂಡರ್ ನಂಬರು, ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಅಂಗಡಿಯನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ. ಕಾರ್ನಿಯಾದ ನಕ್ಷೆ ತೆಗೆಸಬೇಕು. ಶಂಕು ಹೆಚ್ಚಾಗಿ ಮಧ್ಯದಿಂದ ಕೆಳಗೆ ಇರುವುದರಿಂದ ಆರಂಭದ ಹಂತದಲ್ಲಿ ಕೆರಟೋಮೀಟರ್ ಅಂಕಿ ಸಹಜವೆಂದೇ ಬರಬಹುದು. ಬದಲಾವಣೆ ಅನೇಕ ವೇಳೆ ಮೊದಲು ಕಾಣಿಸುವುದು ಕಾರ್ನಿಯಾದ ಹಿಂಭಾಗದಲ್ಲಿ.

ರೋಗ ಮುಂದುವರಿಯುವುದನ್ನು ತಡೆಯಲು ಕ್ರಾಸ್‌ಲಿಂಕಿಂಗ್ ಎಂಬ ಚಿಕಿತ್ಸೆ ಇದೆ. ಜರ್ಮನಿಯ ಡ್ರೆಸ್ಡೆನ್ನಿನ ವೈದ್ಯರು 2003ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ರೈಬೋಫ್ಲೇವಿನ್ ಹನಿ ಹಾಕಿ, 30 ನಿಮಿಷ ನೇರಳಾತೀತ ಬೆಳಕು ಬೀರಿ ಕಾರ್ನಿಯಾದ ನಾರುಗಳನ್ನು ಬಿಗಿಗೊಳಿಸಲಾಗುತ್ತದೆ. ಕಾರ್ನಿಯಾದ ಒಳಭಾಗದ ಜೀವಕೋಶಗಳಿಗೆ ಧಕ್ಕೆಯಾಗದಂತೆ, ಮೇಲ್ಪದರ ತೆಗೆದ ನಂತರ ಕನಿಷ್ಠ 400 ಮೈಕ್ರಾನ್ ದಪ್ಪ ಉಳಿದಿರಬೇಕೆಂಬುದು ಮೂಲ ವಿಧಾನದ ನಿಯಮ. ವರದಿಯಲ್ಲಿ 440 ಎಂದಿದ್ದರೆ ಮೇಲ್ಪದರದ 50 ಕಳೆದು ಉಳಿಯುವುದು 390. ಒಂದು ವರ್ಷ ಮೊದಲು ಬಂದಿದ್ದರೆ ನೇರವಾಗಿ ಆಗುತ್ತಿದ್ದ ಚಿಕಿತ್ಸೆಗೆ ಈಗ ಬೇರೆ ಮಾರ್ಗ ಹುಡುಕಬೇಕಾಗುತ್ತದೆ. ತೆಳುವಾದ ಕಾರ್ನಿಯಾಗಳಿಗೆ ಮಾರ್ಪಡಿಸಿದ ವಿಧಾನಗಳಿವೆಯಾದರೂ ಆಯ್ಕೆ ಕಿರಿದಾಗುತ್ತದೆ. ಈ ಚಿಕಿತ್ಸೆ ಇದ್ದ ಸ್ಥಿತಿಯನ್ನು ಕಾಯ್ದುಕೊಳ್ಳುವಂತಹುದು, ಕಳೆದ ದೃಷ್ಟಿಯನ್ನು ಪೂರ್ಣವಾಗಿ ಮರಳಿಸುವಂತಹುದಲ್ಲ ಎಂಬುದನ್ನು ಪಾಲಕರು ತಿಳಿದಿರಬೇಕು.

ರೋಗ ಮುಂದುವರಿಯುತ್ತಿದೆಯೇ ಎಂಬುದನ್ನು ನಿರ್ಧರಿಸುವುದು ಎರಡು ದಿನಾಂಕಗಳ ವರದಿಗಳ ಹೋಲಿಕೆಯಿಂದ. ಮೊದಲ ವರದಿ ಒಂದು ಯಂತ್ರದ್ದು, ಎರಡನೆಯದು ಇನ್ನೊಂದು ಯಂತ್ರದ್ದು ಆದರೆ ವ್ಯತ್ಯಾಸ ಕಣ್ಣಿನದೋ ಯಂತ್ರದ್ದೋ ಹೇಳಲಾಗದು. ಕಲಬುರಗಿಯಿಂದ ಒಮ್ಮೆ ಹೈದರಾಬಾದಿಗೆ, ಮತ್ತೊಮ್ಮೆ ಸೋಲಾಪುರಕ್ಕೆ, ಇನ್ನೊಮ್ಮೆ ಬೆಂಗಳೂರಿಗೆ ಹೋಗುವ ಕುಟುಂಬಗಳು ಪ್ರತಿ ಬಾರಿಯೂ ಹಿಂದಿನ ಮೂಲ ವರದಿಗಳನ್ನು ಒಯ್ಯಬೇಕು. ಸಾಧ್ಯವಾದರೆ ಒಂದೇ ಮಾದರಿಯ ಯಂತ್ರವಿರುವ ಕಡೆ ಪರೀಕ್ಷೆ ಮಾಡಿಸಬೇಕು. ಹೊರಡುವ ಮೊದಲು ಯಂತ್ರ ಯಾವುದೆಂದು ದೂರವಾಣಿಯಲ್ಲಿ ವಿಚಾರಿಸಿದರೆ ಒಂದು ಪ್ರಯಾಣವೇ ಉಳಿಯಬಹುದು.

ಲೇಸರ್ ಚಿಕಿತ್ಸೆ ಮತ್ತು ಸೇನಾ ನೇಮಕಾತಿ

ಸೇನೆಗೆ ಸೇರಲು ಇಚ್ಛಿಸುವ ಯುವಕ ಯುವತಿಯರು ಚಷ್ಮಾ ತೆಗೆಯಿಸಲು ಲ್ಯಾಸಿಕ್ ಮಾಡಿಸಿಕೊಳ್ಳುವುದನ್ನು ಕಾಣುತ್ತೇವೆ. ಹಣ ಕಟ್ಟುವ ಮೊದಲು ಈ ಕೆಳಗಿನ ಲೆಕ್ಕವನ್ನು ಮಾಡಿ ನೋಡುವುದು ಅತ್ಯವಶ್ಯ.

ವಾಯುಸೇನೆಯ ಅಧಿಕಾರಿ ಹುದ್ದೆಗಳ ಅಧಿಸೂಚನೆಗಳಲ್ಲಿ, ಅನುಮತಿಯಿರುವ ಶಾಖೆಗಳಿಗೆ, ಶಸ್ತ್ರಚಿಕಿತ್ಸೆಯು 20 ವರ್ಷ ವಯಸ್ಸಿಗೆ ಮೊದಲು ಆಗಿರಬಾರದು, ಚಿಕಿತ್ಸೆಯಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು, ಪ್ಯಾಕಿಮೀಟರಿನಲ್ಲಿ ಅಳೆದ ಕಾರ್ನಿಯಾದ ಮಧ್ಯಭಾಗದ ದಪ್ಪ 450 ಮೈಕ್ರಾನಿಗಿಂತ ಕಡಿಮೆಯಿರಬಾರದು ಎಂಬ ಷರತ್ತುಗಳು ಇರುತ್ತವೆ. ಎಲ್ಲಾ ಹುದ್ದೆಗಳಿಗೂ ಒಂದೇ ನಿಯಮವಿಲ್ಲ. ಆದುದರಿಂದ ತಾವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಬೇಕು.

ಲ್ಯಾಸಿಕ್ ಚಿಕಿತ್ಸೆಯಲ್ಲಿ ಮೇಲ್ಭಾಗದ ತೆಳುವಾದ ಮುಚ್ಚಳವನ್ನು ಎತ್ತಿ, ಅದರ ಕೆಳಗಿನ ಪದರವನ್ನು ಲೇಸರಿನಿಂದ ಸವೆಸಿ, ಮುಚ್ಚಳವನ್ನು ಮರಳಿ ಮುಚ್ಚಲಾಗುತ್ತದೆ. 6 ಮಿಲಿಮೀಟರ್ ಅಡ್ಡಳತೆಯ ವಲಯದಲ್ಲಿ ಒಂದು ಡಯಾಪ್ಟರ್ ಮೈನಸ್ ನಂಬರಿಗೆ ಸುಮಾರು 12 ಮೈಕ್ರಾನ್ ಸವೆಯುತ್ತದೆ. ಕಾರ್ನಿಯಾ 505 ಮೈಕ್ರಾನ್, ನಂಬರು ಮೈನಸ್ 5 ಇದ್ದಲ್ಲಿ 60 ಮೈಕ್ರಾನ್ ಕಳೆದು 445 ಉಳಿಯುತ್ತದೆ. ಇದರಲ್ಲಿ ಮುಚ್ಚಳದ ಸುಮಾರು 110 ಮೈಕ್ರಾನ್ ಕಳೆದರೂ ಕೆಳಗೆ 335 ಉಳಿಯುವುದರಿಂದ, ಉಳಿದ ನಕ್ಷೆ ಸಹಜವಾಗಿದ್ದರೆ ಶಸ್ತ್ರಚಿಕಿತ್ಸಕರು ದಪ್ಪದ ದೃಷ್ಟಿಯಿಂದ ಆಕ್ಷೇಪಿಸದಿರಬಹುದು. ಆದರೆ 450ರ ಷರತ್ತಿಗೆ 5 ಮೈಕ್ರಾನ್ ಕೊರತೆಯಾಗುತ್ತದೆ. ಚಿಕಿತ್ಸೆ ಯಶಸ್ವಿ, ಅಭ್ಯರ್ಥಿ ಅನರ್ಹ. ಸವೆಸಿದ ಕಾರ್ನಿಯಾ ಮರಳಿ ಬೆಳೆಯುವುದಿಲ್ಲ. 505 ಎಂಬುದು ನಮ್ಮವರಲ್ಲಿ ಅಪರೂಪದ ಅಳತೆಯೂ ಅಲ್ಲ. ಮೊದಲೇ ಹೇಳಿದ ಸರಾಸರಿ 514ನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಆದ್ದರಿಂದ ಯಾವ ಉದ್ದೇಶಕ್ಕಾಗಿ ಚಿಕಿತ್ಸೆ ಮಾಡಿಸಿಕೊಳ್ಳುತ್ತಿರುವಿರಿ ಎಂಬುದನ್ನು ಶಸ್ತ್ರಚಿಕಿತ್ಸಕರಿಗೆ ಮುಂಚಿತವಾಗಿ ತಿಳಿಸುವುದು, ಉಳಿಯಲಿರುವ ದಪ್ಪದ ಅಂದಾಜನ್ನು ಬರಹದಲ್ಲಿ ಪಡೆಯುವುದು ಯುಕ್ತ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಆರಂಭದ ಕೆರಟೋಕೋನಸ್ ಇರುವ ಕಣ್ಣಿಗೆ ನಕ್ಷೆ ತೆಗೆಯದೆ ಲ್ಯಾಸಿಕ್ ಮಾಡಿದರೆ, ದುರ್ಬಲ ಕಾರ್ನಿಯಾ ಮತ್ತಷ್ಟು ದುರ್ಬಲವಾಗಿ ಉಬ್ಬಿಕೊಳ್ಳುತ್ತ ಹೋಗಬಹುದು. ನಕ್ಷೆಯಿಲ್ಲದೆ ಲೇಸರ್ ಚಿಕಿತ್ಸೆಗೆ ಒಪ್ಪಬಾರದು.

ಗ್ಲುಕೋಮಾ ಮತ್ತು ಪೊರೆ

ಕಣ್ಣಿನ ಒತ್ತಡವನ್ನು ಅಳೆಯುವ ಗೋಲ್ಡ್‌ಮನ್ ಟೋನೋಮೀಟರ್ ಕಾರ್ನಿಯಾದ ದಪ್ಪ ಸುಮಾರು 520 ಮೈಕ್ರಾನ್ ಎಂದು ಭಾವಿಸಿ ರಚಿತವಾದುದು. ಕಾರ್ನಿಯಾ ತೆಳುವಾಗಿದ್ದರೆ ಒತ್ತಡ ಇರುವುದಕ್ಕಿಂತ ಕಡಿಮೆ ಎಂದು ತೋರಬಹುದು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒತ್ತಡ ಹೆಚ್ಚಿದ್ದವರ ಪೈಕಿ 555 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ದಪ್ಪವಿದ್ದವರಿಗೆ, 588ಕ್ಕಿಂತ ಹೆಚ್ಚಿದ್ದವರಿಗಿಂತ ಗ್ಲುಕೋಮಾ ಬರುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿತು. ಲ್ಯಾಸಿಕ್ ಮಾಡಿಸಿಕೊಂಡವರು ಈ ಸಂಗತಿಯನ್ನು ಜೀವನಪರ್ಯಂತ ಪ್ರತಿ ನೇತ್ರವೈದ್ಯರಿಗೂ ತಿಳಿಸಬೇಕು. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸುವ ಲೆನ್ಸಿನ ಶಕ್ತಿಯ ಲೆಕ್ಕಕ್ಕೂ ಕೆರಟೋಮೀಟರ್ ಅಂಕಿಯೇ ಆಧಾರ. ಒಂದು ಡಯಾಪ್ಟರ್ ತಪ್ಪಾದರೆ ಶಸ್ತ್ರಚಿಕಿತ್ಸೆಯ ನಂತರದ ನಂಬರಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ತಪ್ಪು ಉಳಿಯುತ್ತದೆ. ಲ್ಯಾಸಿಕ್ ಆದ ಕಣ್ಣಿನಲ್ಲಿ ಸಾಮಾನ್ಯ ಲೆಕ್ಕ ಹೊಂದುವುದಿಲ್ಲವಾದ್ದರಿಂದ, 25ನೆಯ ವಯಸ್ಸಿನ ವರದಿ 60ನೆಯ ವಯಸ್ಸಿನಲ್ಲಿ ಬೇಕಾಗಬಹುದು. ಪಹಣಿಯನ್ನು ಜೋಪಾನ ಮಾಡುವ ಕಪಾಟಿನಲ್ಲಿಯೇ ಅದಕ್ಕೂ ಸ್ಥಳವಿರಲಿ.

ನೇತ್ರದಾನ

ಕಾರ್ನಿಯಾ ಪದರಗಳಿಂದ ಕೂಡಿದೆ ಎಂಬುದು ನಾಡಿನ ಜನರಿಗೆ ಮನದಟ್ಟಾದದ್ದು 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು ನಿಧನರಾದಾಗ. ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂಪದರ ಮತ್ತು ಹಿಂಪದರಗಳಾಗಿ ಬೇರ್ಪಡಿಸಿ, ನಾಲ್ವರಿಗೆ ಕಸಿ ಮಾಡಲಾಯಿತು. ಮುಂಪದರದ ದೋಷವಿದ್ದವರಿಗೆ ಮುಂಪದರ, ಹಿಂಪದರದ ದೋಷವಿದ್ದವರಿಗೆ ಹಿಂಪದರ. ಅವರ ತಂದೆ ಡಾ. ರಾಜಕುಮಾರ್ ಅವರ ಕಣ್ಣುಗಳನ್ನೂ 2006ರಲ್ಲಿ ದಾನ ಮಾಡಲಾಗಿತ್ತು. ಇಂತಹ ಕಸಿಯಲ್ಲಿ ರೋಗಿಯ ಯಾವ ಪದರ ಕೆಟ್ಟಿದೆ, ಎಷ್ಟು ಆಳದವರೆಗೆ ಕೆಟ್ಟಿದೆ ಎಂಬುದನ್ನು ಅರಿಯಲು ಮೇಲ್ಕಂಡ ಉಪಕರಣಗಳೇ ನೆರವಾಗುತ್ತವೆ. ನೇತ್ರದಾನವು ಮರಣಾನಂತರ ಸಾಮಾನ್ಯವಾಗಿ 6 ಗಂಟೆಗಳೊಳಗೆ ಆಗಬೇಕಿದ್ದು, ಚಷ್ಮಾ ಧರಿಸುತ್ತಿದ್ದವರೂ ಪೊರೆಯ ಶಸ್ತ್ರಚಿಕಿತ್ಸೆಯಾದವರೂ ದಾನ ಮಾಡಬಹುದು.

ವಿಕಲಚೇತನರ ಪ್ರಮಾಣಪತ್ರ ಕೋರುವವರ ಗಮನಕ್ಕೆ

ಕಾರ್ನಿಯಾದ ನಕ್ಷೆಯಲ್ಲಿ ದೋಷ ಕಂಡುಬಂದ ಮಾತ್ರಕ್ಕೆ ಅಂಗವೈಕಲ್ಯದ ಶೇಕಡಾವಾರು ನಿಗದಿಯಾಗುವುದಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಅನುಸಾರ ದೃಷ್ಟಿದೋಷವನ್ನು, ಸಾಧ್ಯವಿರುವ ಅತ್ಯುತ್ತಮ ತಿದ್ದುಪಡಿಯ ನಂತರ, ಉತ್ತಮ ಕಣ್ಣಿನ ದೃಷ್ಟಿ ಮತ್ತು ದೃಷ್ಟಿಕ್ಷೇತ್ರದ ಆಧಾರದ ಮೇಲೆ ನಿರ್ಣಯಿಸಲಾಗುತ್ತದೆ. 3/60ಕ್ಕಿಂತ ಕಡಿಮೆ ದೃಷ್ಟಿ ಅಥವಾ 10 ಡಿಗ್ರಿಗಿಂತ ಕಿರಿದಾದ ದೃಷ್ಟಿಕ್ಷೇತ್ರವಿದ್ದರೆ ಅಂಧತ್ವ ಎನಿಸುತ್ತದೆ. ಕೆರಟೋಕೋನಸ್ ಇರುವವರು ತಪಾಸಣಾ ಮಂಡಳಿಯ ಮುಂದೆ ಹಾಜರಾಗುವಾಗ ತಾವು ಬಳಸುವ ಚಷ್ಮಾ ಅಥವಾ ಗಟ್ಟಿ ಲೆನ್ಸುಗಳನ್ನು ತಪ್ಪದೇ ಒಯ್ಯಬೇಕು. ಟೋಪೋಗ್ರಫಿ ವರದಿಯು ರೋಗ ಯಾವುದೆಂಬುದಕ್ಕೆ ಪೂರಕ ದಾಖಲೆಯಾಗಿರುತ್ತದೆ. ಇದು ತಿಳಿಯದೆ ದುಬಾರಿ ಪರೀಕ್ಷೆಯನ್ನು ಪ್ರಮಾಣಪತ್ರಕ್ಕೆಂದೇ ಮಾಡಿಸಿಕೊಂಡು ಬರುವ ಬಡ ಅರ್ಜಿದಾರರ ಸಂಖ್ಯೆ ಕಡಿಮೆಯಾಗಬೇಕಾಗಿದೆ.

ವರದಿಯಲ್ಲಿ ಇರಬೇಕಾದ ವಿವರ ಮತ್ತು ಪ್ರತಿ ಪಡೆಯುವ ಬಗೆ

ವರದಿಯಲ್ಲಿ ಅರ್ಜಿದಾರರ ಹೆಸರು, ಜನ್ಮದಿನಾಂಕ, ಬಲಗಣ್ಣೋ ಎಡಗಣ್ಣೋ ಎಂಬ ನಮೂದು, ಪರೀಕ್ಷೆಯ ದಿನಾಂಕ ಮತ್ತು ಉಪಕರಣದ ಹೆಸರು ಇರಬೇಕು. ಹೆಸರಿನ ಕಾಗುಣಿತ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇದೆಯೇ ಎಂಬುದನ್ನು ಆಸ್ಪತ್ರೆಯಲ್ಲಿಯೇ ನೋಡಿಕೊಳ್ಳಬೇಕು. ಹಳೆಯ ವರದಿಗಳಲ್ಲಿ ಊರಿನ ಹೆಸರು ಗುಲಬರ್ಗಾ ಎಂದಿದ್ದರೆ ಆತಂಕ ಬೇಡ. 2014ರ ನವೆಂಬರ್ 1ರಿಂದ ಹೆಸರು ಕಲಬುರಗಿ ಎಂದಾಗಿದ್ದು, ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಹಳೆಯ ಹೆಸರಿರುವುದು ಸಹಜ. ಉಷ್ಣಕಾಗದದ ಮೇಲೆ ಮುದ್ರಿತವಾದ ಸಣ್ಣ ಚೀಟಿಗಳ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುವುದರಿಂದ ಕೂಡಲೇ ನಕಲು ತೆಗೆಸಿಡಬೇಕು.

ವರದಿ ಕಳೆದುಹೋಗಿದ್ದಲ್ಲಿ ಪರೀಕ್ಷೆ ಮಾಡಿದ ಆಸ್ಪತ್ರೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ವಿನಿಯಮಗಳ ಪ್ರಕಾರ, ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಒದಗಿಸಬೇಕಾಗುತ್ತದೆ. ಒಳರೋಗಿಗಳ ದಾಖಲೆಗಳನ್ನು 3 ವರ್ಷ ಇಡಬೇಕೆಂಬುದು ಅದೇ ವಿನಿಯಮಗಳಲ್ಲಿದೆ. ಕಾರ್ನಿಯಾದ ಪರೀಕ್ಷೆ ಬಹುತೇಕ ಹೊರರೋಗಿ ವಿಭಾಗದಲ್ಲಿಯೇ ನಡೆಯುವುದರಿಂದ, ಯಂತ್ರದ ಸ್ಮರಣೆಯಲ್ಲಿ ಅದು ಎಷ್ಟು ಕಾಲ ಇರುತ್ತದೆಂಬುದನ್ನು ಅವಲಂಬಿಸದೆ ಅಂದೇ ಪ್ರತಿ ಪಡೆದುಕೊಳ್ಳುವುದು ಲೇಸು. ಸರ್ಕಾರಿ ಆಸ್ಪತ್ರೆಯಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ತಮ್ಮ ದಾಖಲೆಗಾಗಿ ಅರ್ಜಿ ಸಲ್ಲಿಸಲು ಅವಕಾಶವಿದ್ದು, 30 ದಿನಗಳೊಳಗೆ ಉತ್ತರ ಅಥವಾ ಹಿಂಬರಹ ದೊರೆಯಬೇಕು.